ಕರಾವಳಿಯ ಉದ್ದದಿಂದ ಮುಗಿಯದ ಜೂಮ್‌ವರೆಗೆ

ಭಾರತದ ಕರಾವಳಿಯ ಉದ್ದ 7,516.6 ಕಿಲೋಮೀಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವೆಲ್ಲ. ಕೇಂದ್ರ ಗೃಹ ಸಚಿವಾಲಯದ 2023-24ರ ವಾರ್ಷಿಕ ವರದಿಯಲ್ಲಿ ಅದು 11,098.81 ಆಗಿಬಿಟ್ಟಿತು. ಕಡಲು ಹಿಂದೆ ಸರಿದು ನೆಲವನ್ನೇನೂ ಬಿಟ್ಟುಕೊಟ್ಟಿಲ್ಲ. ಕಾಸರಗೋಡು ಜಿಲ್ಲೆಯ ಉಪ್ಪಳದ ಕಡಲ ಕರೆಯವರನ್ನು ಕೇಳಿದರೆ, ಪ್ರತಿ ಮಳೆಗಾಲದಲ್ಲೂ ಇದ್ದ ನೆಲವನ್ನೇ ಒಯ್ಯುತ್ತಿದೆ ಎಂದಾರು. ಬದಲಾದದ್ದು ನಕ್ಷೆ. 1970ರ ದಶಕದ ಲೆಕ್ಕಕ್ಕೆ ಬಳಸಿದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ 45 ಕಿಲೋಮೀಟರ್, ಹೊಸದರಲ್ಲಿ ಎರಡೂವರೆ. ಹಿಂದೆ ಕಣ್ಣಿಗೇ ಬೀಳದ ಕೊಲ್ಲಿ, ಅಳಿವೆಗಳು ಈಗ ಲೆಕ್ಕಕ್ಕೆ ಬಂದಿವೆ.

ಗುಜರಾತಿನ ಕರಾವಳಿ 1,214.7ರಿಂದ 2,340.62 ಕಿಲೋಮೀಟರಿಗೆ ಜಿಗಿಯಿತು. ಕೇರಳದ್ದು 569.7ರಿಂದ 600.15ಕ್ಕೆ ಏರಿತು, ಅಷ್ಟೆ. ಮಂಜೇಶ್ವರದಿಂದ ವಲಿಯಪರಂಬದವರೆಗಿನ ಮರಳ ದಂಡೆಯನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬೇಕಲದ ಕೋಟೆಯಿರುವ ಕೋಡು ಕಡಲಿಗೆ ಚಾಚಿಕೊಂಡಿರುವಂಥ ಕೆಲವು ಕಡೆ ಬಿಟ್ಟರೆ ಕರಾವಳಿ ಹೆಚ್ಚುಕಡಿಮೆ ನೇರವೇ.

ದೂರದಿಂದ ನೋಡಿದರೆ ಮಾತ್ರ ನೇರ. ಕೇರಳದ 44 ನದಿಗಳಲ್ಲಿ 12 ಹರಿಯುವುದು ಕಾಸರಗೋಡು ಜಿಲ್ಲೆಯಲ್ಲಿ. ಹತ್ತು ಕಿಲೋಮೀಟರ್ ಉದ್ದದ ಅಳತೆಗೋಲು ಹಿಡಿದು ಹೊರಟರೆ ಶಿರಿಯ ಹೊಳೆಯ ಅಳಿವೆಯನ್ನು ಗಮನಿಸದೆಯೇ ದಾಟಿಬಿಡುತ್ತೇವೆ. ನೂರು ಮೀಟರಿನ ಕೋಲಾದರೆ ಅಳಿವೆಯೊಳಗೆ ತಿರುಗಿ, ಹೊಳೆಯ ದಡ ಹಿಡಿದು, ಆಚೆ ದಡದಲ್ಲಿ ಹಿಂದಿರುಗಬೇಕು. ಗೇಣುದ್ದದ ಕೋಲು ಹಿಡಿದರೆ ಬೇಕಲದ ಮುರಕಲ್ಲಿನ ಒಂದೊಂದು ತೂತೂ ಲೆಕ್ಕಕ್ಕೆ ಬರುತ್ತದೆ. ಕೋಲು ಚಿಕ್ಕದಾದಷ್ಟೂ ಕರಾವಳಿ ಉದ್ದವಾಗುತ್ತದೆ.

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬರು ಇಂಗ್ಲೆಂಡಿನ ಹವಾಮಾನ ವಿಜ್ಞಾನಿ, ಯುದ್ಧವಿರೋಧಿ ಲೂಯಿಸ್ ಫ್ರೈ ರಿಚರ್ಡ್‌ಸನ್. ಎರಡು ದೇಶಗಳ ನಡುವಿನ ಗಡಿಯ ಉದ್ದಕ್ಕೂ ಅವು ಕಾದಾಡುವುದಕ್ಕೂ ನಂಟಿದೆಯೇ ಎಂದು ಹುಡುಕಲು ಹೊರಟ ಅವರಿಗೆ ಗಡಿಯ ಉದ್ದವೇ ಒಂದೊಂದು ಪುಸ್ತಕದಲ್ಲಿ ಒಂದೊಂದು ಸಿಕ್ಕಿತು. ಸ್ಪೇನ್-ಪೋರ್ಚುಗಲ್ ಗಡಿ ಒಂದೆಡೆ 987 ಕಿಲೋಮೀಟರ್, ಇನ್ನೊಂದೆಡೆ 1,214. ಅವರು 1953ರಲ್ಲಿ ತೀರಿಕೊಂಡರು. ಈ ಬರಹ ಅಚ್ಚಾದದ್ದು 1961ರಲ್ಲಿ. ಅದನ್ನು ಎತ್ತಿಕೊಂಡ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್, ಬ್ರಿಟನ್ನಿನ ಕರಾವಳಿ ಎಷ್ಟುದ್ದ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ 1967ರಲ್ಲಿ ಲೇಖನ ಬರೆದರು. (ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು, ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗ ವರದಿ ಕೊಟ್ಟದ್ದೂ ಅದೇ ವರ್ಷ. ಗಡಿಯ ಮಾತೆತ್ತಿದರೆ ಕಾಸರಗೋಡಿನವರಿಗೆ ಅದು ನೆನಪಾಗದೆ ಇರುತ್ತದೆಯೇ?) ಉದ್ದವನ್ನು ಬಿಟ್ಟು ಅಂಕುಡೊಂಕನ್ನೇ ಅಳೆಯೋಣ ಎಂಬುದು ಮ್ಯಾಂಡೆಲ್‌ಬ್ರಾಟ್ ವಾದ. ಅಂಕುಡೊಂಕು ಹೆಚ್ಚಿದಷ್ಟೂ ದೊಡ್ಡದಾಗುವ ಒಂದು ಸಂಖ್ಯೆ ಅವರ ಅಳತೆ. ನೇರ ಗೆರೆಗೆ 1. ಬ್ರಿಟನ್ನಿನ ಪಶ್ಚಿಮ ತೀರಕ್ಕೆ ಸುಮಾರು 1.25, ನುಣುಪಾದ ದಕ್ಷಿಣ ಆಫ್ರಿಕಾ ತೀರಕ್ಕೆ 1.02. ಇಂಥ ಆಕಾರಗಳಿಗೆ ಅವರು 1975ರಲ್ಲಿ ಫ್ರಾಕ್ಟಲ್ ಎಂದು ಹೆಸರಿಟ್ಟರು.

ಒಂದು ಆಕೃತಿಯ ಅಂಚನ್ನು ಹಿಗ್ಗಿಸಿದಷ್ಟೂ ಹೊಸ ಅಂಕುಡೊಂಕು ತೆರೆದುಕೊಳ್ಳುತ್ತಲೇ ಹೋಗುವ, ಮಕ್ಕಳು ಮೊಬೈಲಿನಲ್ಲಿ ಕಣ್ಣು ಮಿಟುಕಿಸದೆ ನೋಡುವ ಜೂಮ್ ದೃಶ್ಯ ಇದೇ ವಂಶದ್ದು. 1980ರಲ್ಲಿ ಐಬಿಎಂನಲ್ಲಿದ್ದಾಗ ಮ್ಯಾಂಡೆಲ್‌ಬ್ರಾಟ್ ಕಂಪ್ಯೂಟರಿನಿಂದ ಬಿಡಿಸಿದ, ಈಗ ಅವರ ಹೆಸರಿನಿಂದಲೇ ಕರೆಯುವ ಆ ಆಕೃತಿಯ ಸೂತ್ರ ಚಿಕ್ಕದು: ಸಂಖ್ಯೆಯನ್ನು ವರ್ಗ ಮಾಡು, ಆರಿಸಿದ ಬಿಂದುವನ್ನು ಸೂಚಿಸುವ ಸಂಖ್ಯೆಯನ್ನು ಕೂಡಿಸು, ಬಂದದ್ದನ್ನು ಮತ್ತೆ ವರ್ಗ ಮಾಡು. ಎಷ್ಟು ಸಲ ಮಾಡಿದರೂ ಕೈಮೀರಿ ಬೆಳೆಯದ ಬಿಂದುವಿಗೆ ಕಪ್ಪು. ಓಡಿಹೋಗುವ ಬಿಂದುವಿಗೆ, ಎಷ್ಟನೇ ಸುತ್ತಿನಲ್ಲಿ ಓಡಿತು ಎಂಬುದಕ್ಕೆ ತಕ್ಕಂತೆ ಬಣ್ಣ. ಯಾವ ಸುತ್ತಿಗೆ ಯಾವ ಬಣ್ಣ ಎಂಬುದು ಮಾತ್ರ ಚಿತ್ರ ಮಾಡಿದವರ ಖುಷಿ, ಗಣಿತದ್ದಲ್ಲ. ಮನ ಸೆಳೆಯುವುದು ಹೆಚ್ಚಾಗಿ ಬಣ್ಣಗಳೇ ಎನ್ನುವುದು ಬೇರೆ ಮಾತು.

ಜೂಮ್ ಎಲ್ಲಿ ಮುಗಿಯುತ್ತದೆ? ಕರಾವಳಿಯಲ್ಲಾದರೆ ಮರಳ ಕಣ, ಅಣುಗಳ ಹತ್ತಿರ ‘ತೀರ’ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಸೂತ್ರದಲ್ಲಿ ಕೊನೆಯಿಲ್ಲ. ಕಂಪ್ಯೂಟರಿನಲ್ಲಿ ಇದೆ: ಸಾಮಾನ್ಯ ಲೆಕ್ಕದಲ್ಲಿ ಅದು ಸುಮಾರು 16 ಅಂಕೆಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಅದರಾಚೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. 2013ರ ಸುಮಾರಿಗೆ ಒಂದು ಉಪಾಯ ಚಾಲ್ತಿಗೆ ಬಂತು. ಒಂದೇ ಒಂದು ಬಿಂದುವನ್ನು ನೂರಾರು ಅಂಕೆಗಳಲ್ಲಿ ಲೆಕ್ಕ ಹಾಕಿ, ಉಳಿದವು ಅದರಿಂದ ಎಷ್ಟು ಸರಿದಿವೆ ಎಂಬ ವ್ಯತ್ಯಾಸವನ್ನಷ್ಟೇ ಸಾಮಾನ್ಯ ಲೆಕ್ಕದಲ್ಲಿ ಹಿಡಿಯುವುದು. ಹಿಂದೆ ವಾರಗಟ್ಟಲೆ ಯಂತ್ರ ಓಡಿಸಬೇಕಿದ್ದ ಆಳದ ಜೂಮ್ ಮನೆಯ ಕಂಪ್ಯೂಟರಿಗೆ ಎಟುಕಿದ್ದು ಹಾಗೆ.