ವಯಸ್ಸು ಕೇಳಿದ ಪ್ರೋಗ್ರಾಂ ಹೆಸರು ಕೇಳದೆ ಮುಗಿದುಹೋಗುವುದು ಯಾಕೆ?

ಪ್ರಶ್ನೆ: ನಾನು ಸಿ ಕಲಿಯಲು ಶುರು ಮಾಡಿ ಒಂದು ತಿಂಗಳಾಯಿತು. ಮೊದಲು ವಯಸ್ಸು, ಆಮೇಲೆ ಹೆಸರು ಕೇಳುವ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ವಯಸ್ಸನ್ನು ಸ್ಕ್ಯಾನ್‌ಎಫ್‌ನಿಂದ, ಹೆಸರನ್ನು ಎಫ್‌ಗೆಟ್ಸ್‌ನಿಂದ ಓದಿಸುತ್ತಿದ್ದೇನೆ. ವಯಸ್ಸು ಹಾಕಿ ಎಂಟರ್ ಒತ್ತಿದ ಕೂಡಲೇ ಪ್ರೋಗ್ರಾಂ ಮುಗಿದುಹೋಗುತ್ತದೆ. ಹೆಸರು ಟೈಪ್ ಮಾಡಲು ಬಿಡುವುದೇ ಇಲ್ಲ. ಕಂಪೈಲರ್ ಒಂದು ಎರರ್ ಕೂಡ ತೋರಿಸುತ್ತಿಲ್ಲ. ಎಲ್ಲಿ ತಪ್ಪಾಗಿದೆ?

ಉತ್ತರ: ನಿಮ್ಮ ಪ್ರೋಗ್ರಾಂ ಹೆಸರು ಓದದೆ ಬಿಟ್ಟಿಲ್ಲ. ಓದಿದೆ. ಅದಕ್ಕೆ ಸಿಕ್ಕಿದ್ದು ಒಂದು ಖಾಲಿ ಸಾಲು, ಅಷ್ಟೇ. ಆ ಖಾಲಿ ಸಾಲು ಬಂದಿದ್ದು ನೀವು ವಯಸ್ಸಿನ ನಂತರ ಒತ್ತಿದ ಎಂಟರ್‌ನಿಂದ.

ಸಿ ಕಲಿಯುವವರಲ್ಲಿ ಇದರಲ್ಲಿ ಸಿಕ್ಕಿಕೊಳ್ಳದವರು ಕಡಿಮೆ. ನಾನು ಕಲಿಯುವಾಗ ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಗಿತ್ತು. ಪಕ್ಕದ ಸಿಸ್ಟಮ್‌ನಲ್ಲಿದ್ದ ಗೆಳೆಯ "ಮಧ್ಯದಲ್ಲಿ ಒಂದು ಗೆಟ್‌ಚಾರ್ ಹಾಕು, ಸರಿಹೋಗುತ್ತೆ" ಅಂದ (ಗೆಟ್‌ಚಾರ್ ಅಂದರೆ ಒಂದೇ ಒಂದು ಅಕ್ಷರ ಓದುವ ಫಂಕ್ಷನ್), ಹಾಕಿದೆ, ಸರಿಹೋಯಿತು, ಆದರೆ ಯಾಕೆ ಸರಿಹೋಯಿತು ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ. ಆ ಕಾರಣ ತಿಳಿಯದಿದ್ದರೆ ಇದೇ ತೊಂದರೆ ಬೇರೆ ಬೇರೆ ವೇಷದಲ್ಲಿ ವರ್ಷಗಟ್ಟಲೆ ಕಾಡುತ್ತದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಸ್ಕ್ಯಾನ್‌ಎಫ್ ಅಂದರೆ "ಎದುರಿಗೆ ಕೂತವರನ್ನು ಕೇಳು" ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಎದುರಿಗೆ ಒಬ್ಬರು ಕೂತಿದ್ದಾರೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಕಾಣುವುದು ಒಂದರ ಹಿಂದೆ ಒಂದು ಕ್ಯೂ ನಿಂತ ಅಕ್ಷರಗಳು ಮಾತ್ರ. ಈ ಕ್ಯೂವಿಗೆ ಸ್ಟ್ಯಾಂಡರ್ಡ್ ಇನ್‌ಪುಟ್ ಅಂತ ಹೆಸರು. ನೀವು ಟೈಪ್ ಮಾಡಿದ್ದನ್ನು ಎಂಟರ್ ಒತ್ತುವ ತನಕ ಟರ್ಮಿನಲ್ ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ (ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಲು ಆಗುವುದು ಇದರಿಂದಲೇ). ಎಂಟರ್ ಒತ್ತಿದಾಗ ಇಡೀ ಸಾಲು ಕ್ಯೂವಿಗೆ ಬಂದು ನಿಲ್ಲುತ್ತದೆ. ಎಂಟರ್ ಕೂಡ ಅದರ ಜೊತೆಗೇ ಬರುತ್ತದೆ. ಅದೂ ಒಂದು ಅಕ್ಷರವೇ. ಹೆಸರು ನ್ಯೂಲೈನ್, ಆಸ್ಕಿ ನಂಬರ್ 10.

ಈಗ ವಯಸ್ಸು 25 ಅಂತ ಹಾಕಿದಿರಿ ಅಂದುಕೊಳ್ಳಿ. ಕ್ಯೂ ಹೀಗಿರುತ್ತದೆ:

2 | 5 | ನ್ಯೂಲೈನ್

ಪರ್ಸೆಂಟ್ ಡಿ (ಪೂರ್ಣಸಂಖ್ಯೆ ಓದು ಅನ್ನುವ ಗುರುತು) ಕೊಟ್ಟ ಸ್ಕ್ಯಾನ್‌ಎಫ್ ಮೊದಲು 2 ತೆಗೆದುಕೊಳ್ಳುತ್ತದೆ. ಅಂಕಿ, ಸರಿ. ಆಮೇಲೆ 5. ಅದೂ ಅಂಕಿ. ಮೂರನೆಯದನ್ನು ನೋಡಿದರೆ ಅಂಕಿ ಅಲ್ಲ. "ಇದು ನನ್ನದಲ್ಲ" ಅಂತ ಅದನ್ನು ವಾಪಸ್ ಕ್ಯೂವಿನಲ್ಲೇ ಇಟ್ಟು, 25ನ್ನು ನಿಮ್ಮ ವೇರಿಯಬಲ್‌ಗೆ ಹಾಕಿ ಹೊರಟುಹೋಗುತ್ತದೆ. ಆಮೇಲೆ ಬರುವ ಎಫ್‌ಗೆಟ್ಸ್‌ನ ಕೆಲಸ ಏನು? ನ್ಯೂಲೈನ್ ಸಿಗುವವರೆಗೆ ಓದು, ಆ ನ್ಯೂಲೈನನ್ನೂ ಸೇರಿಸಿಕೊಂಡು ನಿಲ್ಲು. ಕ್ಯೂವಿನ ಮೊದಲ ಅಕ್ಷರವೇ ನ್ಯೂಲೈನ್. ಕೆಲಸ ಮುಗಿಯಿತು. ನಂಬಿಕೆ ಬರದಿದ್ದರೆ ಎಫ್‌ಗೆಟ್ಸ್ ಆದ ಮೇಲೆ ಹೆಸರಿನ ಸ್ಟರ್‌ಲೆನ್ (ಉದ್ದ) ಪ್ರಿಂಟ್ ಮಾಡಿ ನೋಡಿ. 0 ಬರುವುದಿಲ್ಲ, 1 ಬರುತ್ತದೆ. ಆ ಒಂದು ಅಕ್ಷರವೇ ನಿಮ್ಮ ಎಂಟರ್.

"ಹಾಗಿದ್ದರೆ ಎರಡು ಸಂಖ್ಯೆ ಒಂದರ ಮೇಲೊಂದು ಓದಿಸಿದಾಗ ಯಾಕೆ ತೊಂದರೆ ಆಗುವುದಿಲ್ಲ?" ಅಂತ ಕೇಳಬಹುದು. ಪರ್ಸೆಂಟ್ ಡಿ, ಪರ್ಸೆಂಟ್ ಎಫ್ (ದಶಮಾಂಶ ಸಂಖ್ಯೆಗೆ), ಪರ್ಸೆಂಟ್ ಎಸ್ (ಪದಕ್ಕೆ) ಈ ಮೂರೂ ಓದುವ ಮೊದಲು ಮುಂದಿರುವ ಸ್ಪೇಸ್, ಟ್ಯಾಬ್, ನ್ಯೂಲೈನ್ ಎಲ್ಲವನ್ನೂ ಎಸೆದುಬಿಡುತ್ತವೆ. ಒಂದೇ ಅಕ್ಷರ ಓದುವ ಪರ್ಸೆಂಟ್ ಸಿ ಎಸೆಯುವುದಿಲ್ಲ. ಅದಕ್ಕೆ ಸ್ಪೇಸೂ ಒಂದೇ, ಅಕ್ಷರವೂ ಒಂದೇ. "ಮುಂದುವರಿಸಬೇಕಾ? ವೈ ಅಥವಾ ಎನ್ ಒತ್ತಿ" ಅಂತ ಕೇಳುವ ಮೆನು ಪ್ರೋಗ್ರಾಂಗಳು ಉತ್ತರಕ್ಕೆ ಕಾಯದೆ ಓಡಿಬಿಡುವುದು ಇದೇ ಕಾರಣಕ್ಕೆ. ಅಲ್ಲಿ ಫಾರ್ಮ್ಯಾಟ್‌ನಲ್ಲಿ ಪರ್ಸೆಂಟ್ ಸಿಗಿಂತ ಮುಂಚೆ ಒಂದು ಸ್ಪೇಸ್ ಬಿಟ್ಟರೆ ಸಾಕು, ಹಿಂದೆ ಉಳಿದಿದ್ದ ಎಂಟರ್ ಅದರಲ್ಲೇ ಹೋಗುತ್ತದೆ. ಆದರೆ ಆ ಸ್ಪೇಸನ್ನೋ ಬ್ಯಾಕ್‌ಸ್ಲ್ಯಾಶ್ ಎನ್ ಅನ್ನೋ ಪರ್ಸೆಂಟ್ ಡಿ ಆದ ಮೇಲೆ ಹಾಕಬೇಡಿ. ಹಾಕಿದರೆ, ಖಾಲಿ ಅಲ್ಲದ ಇನ್ನೊಂದು ಅಕ್ಷರ ಬರುವ ತನಕ ಸ್ಕ್ಯಾನ್‌ಎಫ್ ಕಾಯುತ್ತಲೇ ಇರುತ್ತದೆ. "ಒಂದೇ ಸಂಖ್ಯೆ ಕೇಳಿದರೂ ಎರಡು ಸಲ ಟೈಪ್ ಮಾಡಬೇಕಾಗಿದೆ" ಅಂತ ಇನ್ನೊಂದು ಪ್ರಶ್ನೆ ಬರುತ್ತದಲ್ಲ, ಅದರ ಉತ್ತರ ಇಷ್ಟೇ.

ಇನ್ನು ಎಲ್ಲರೂ ಹೇಳಿಕೊಡುವ ಮದ್ದು: ಬಫರ್ ಖಾಲಿ ಮಾಡುವ ಎಫ್‌ಫ್ಲಷ್‌ಗೆ ಎಸ್‌ಟಿಡಿಇನ್ (ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಸಿಯಲ್ಲಿರುವ ಹೆಸರು) ಕೊಡಿ ಅನ್ನುವುದು. ದಯವಿಟ್ಟು ಇದನ್ನು ಬಿಟ್ಟುಬಿಡಿ. ಸಿ ಸ್ಟ್ಯಾಂಡರ್ಡ್ (ಸಿ ಭಾಷೆಯ ಅಧಿಕೃತ ನಿಯಮಗಳು) ಪ್ರಕಾರ ಎಫ್‌ಫ್ಲಷ್ ಇರುವುದು ಔಟ್‌ಪುಟ್‌ಗೆ. ಇನ್‌ಪುಟ್‌ಗೆ ಕೊಟ್ಟರೆ ಏನಾಗಬೇಕು ಅಂತ ಸ್ಟ್ಯಾಂಡರ್ಡ್ ಹೇಳಿಯೇ ಇಲ್ಲ. ನಮ್ಮ ಕಾಲೇಜುಗಳಲ್ಲಿ ಈ ಮದ್ದು ಇಷ್ಟು ಹರಡಿದ್ದಕ್ಕೆ ಕಾರಣ ಟರ್ಬೊ ಸಿ. ಬೋರ್ಲ್ಯಾಂಡ್ 1987ರಲ್ಲಿ ಹೊರತಂದ ಆ ನೀಲಿ ಸ್ಕ್ರೀನಿನ ಕಂಪೈಲರ್‌ನಲ್ಲೇ ಕರ್ನಾಟಕದ ಎಷ್ಟೋ ಬ್ಯಾಚ್‌ಗಳು ಸಿ ಕಲಿತಿವೆ, ಹೊಸ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡದೆ ಹೋದಾಗ ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಹಾಕಿಯಾದರೂ ಅದನ್ನೇ ಮುಂದುವರಿಸಿದ್ದಾರೆ. ಅಲ್ಲಿ ಈ ಮದ್ದು ಕೆಲಸ ಮಾಡುತ್ತಿತ್ತು. ಮೈಕ್ರೋಸಾಫ್ಟ್‌ನ ಹಳೆಯ ಕಂಪೈಲರ್‌ಗಳಲ್ಲೂ ಮಾಡುತ್ತಿತ್ತು, ವಿಷುಯಲ್ ಸ್ಟುಡಿಯೋ 2015ರಿಂದ ಈಚೆಗೆ ಅಲ್ಲೂ ನಿಂತಿದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಜಿಸಿಸಿ ಕಂಪೈಲರ್ ಹಾಕಿ ಓಡಿಸಿದರೆ ಏನೂ ಆಗುವುದಿಲ್ಲ, ಎಂಟರ್ ಅಲ್ಲೇ ಕೂತಿರುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ಸರಿಯಾಗಿದ್ದ ಪ್ರೋಗ್ರಾಂ ಲ್ಯಾಬ್‌ನಲ್ಲಿ ಕೈಕೊಟ್ಟರೆ ಪರೀಕ್ಷೆಯ ದಿನ ಆಗುವ ಗಾಬರಿ ಎಂಥದ್ದು ಅಂತ ನಾನು ನೋಡಿದ್ದೇನೆ.

ಕ್ಯೂವನ್ನು ಖಾಲಿ ಮಾಡಲೇಬೇಕು ಅಂದರೆ ಗೆಟ್‌ಚಾರನ್ನು ಲೂಪಿನಲ್ಲಿ ಹಾಕಿ, ನ್ಯೂಲೈನ್ ಬರುವವರೆಗೆ ಅಥವಾ ಇಒಎಫ್ (ಇನ್‌ಪುಟ್ ಮುಗಿಯಿತು ಅನ್ನುವ ಗುರುತು) ಸಿಗುವವರೆಗೆ ಓದಿ ಎಸೆಯಿರಿ. ಗೆಳೆಯ ಹೇಳಿದ ಒಂದೇ ಗೆಟ್‌ಚಾರ್ ಒಂದೇ ಅಕ್ಷರ ತಿನ್ನುತ್ತದೆ. 25ರ ನಂತರ ಯಾರಾದರೂ ತಪ್ಪಿ ಒಂದು ಸ್ಪೇಸ್ ಒತ್ತಿದ್ದರೆ ಸ್ಪೇಸ್ ಹೋಗುತ್ತದೆ, ಎಂಟರ್ ಉಳಿಯುತ್ತದೆ. ಗೆಟ್‌ಚಾರ್ ಕೊಡುವುದನ್ನು ಇಂಟ್ ವೇರಿಯಬಲ್‌ನಲ್ಲೇ ಇಡಿ. ಚಾರ್ ಸಾಲುವುದಿಲ್ಲ. ಇಒಎಫ್ ಒಂದು ಋಣ ಸಂಖ್ಯೆ, ಸಾಮಾನ್ಯವಾಗಿ ಮೈನಸ್ 1. ಎಆರ್‌ಎಂ ಪ್ರೊಸೆಸರ್‌ನ ಲಿನಕ್ಸ್‌ನಲ್ಲಿ ಮಾಮೂಲಿ ಚಾರ್‌ಗೆ ಮೈನಸ್ ಇಲ್ಲ, ಹಾಗಾಗಿ ಅಲ್ಲಿ ಆ ಹೋಲಿಕೆ ಯಾವತ್ತೂ ನಿಜವಾಗುವುದಿಲ್ಲ, ಇನ್‌ಪುಟ್ ಮುಗಿದ ಮೇಲೂ ಲೂಪ್ ಸುತ್ತುತ್ತಲೇ ಇರುತ್ತದೆ.

ನನ್ನನ್ನು ಕೇಳಿದರೆ, ಸ್ಕ್ಯಾನ್‌ಎಫ್ ಮತ್ತು ಎಫ್‌ಗೆಟ್ಸ್ ಎರಡನ್ನೂ ಬೆರೆಸುವುದೇ ಬೇಡ. ಎಲ್ಲವನ್ನೂ ಎಫ್‌ಗೆಟ್ಸ್‌ನಿಂದಲೇ ಸಾಲು ಸಾಲಾಗಿ ಓದಿ. ಸಂಖ್ಯೆ ಬೇಕಾದರೆ ಓದಿದ ಸಾಲನ್ನು ಎಸ್‌ಸ್ಕ್ಯಾನ್‌ಎಫ್‌ಗೆ (ಕ್ಯೂವಿನ ಬದಲು ಸ್ಟ್ರಿಂಗ್‌ನಿಂದ ಓದುವ ಸ್ಕ್ಯಾನ್‌ಎಫ್) ಕೊಡಿ, ಇಲ್ಲವೇ ಸ್ಟ್ರಿಂಗನ್ನು ಸಂಖ್ಯೆ ಮಾಡುವ ಸ್ಟರ್‌ಟಾಲ್‌ಗೆ ಕೊಡಿ. ಒಂದು ಎಂಟರ್‌ಗೆ ಒಂದು ಸಾಲು, ಸಾಲು ಅರೇಯಲ್ಲಿ ಹಿಡಿಸಿದರೆ ಬಾಕಿ ಉಳಿಯುವುದು ಏನೂ ಇಲ್ಲ. ಇನ್ನೊಂದು ಲಾಭವೂ ಇದೆ. ವಯಸ್ಸು ಕೇಳಿದಾಗ ಯಾರಾದರೂ "ಇಪ್ಪತ್ತೈದು" ಅಂತ ಅಕ್ಷರದಲ್ಲಿ ಬರೆದರು ಅನ್ನಿ. ಪರ್ಸೆಂಟ್ ಡಿ ಮೊದಲ ಅಕ್ಷರದಲ್ಲೇ ನಿಂತು ಏನನ್ನೂ ತೆಗೆದುಕೊಳ್ಳದೆ 0 ರಿಟರ್ನ್ ಮಾಡುತ್ತದೆ. ಬರೆದದ್ದೆಲ್ಲ ಕ್ಯೂವಿನಲ್ಲೇ ಇರುತ್ತದೆ. ನೀವು ಲೂಪ್ ಹಾಕಿ ಮತ್ತೆ ಕೇಳುತ್ತಿದ್ದರೆ ಸ್ಕ್ಯಾನ್‌ಎಫ್ ಮತ್ತೆ ಅದೇ ಅಕ್ಷರವನ್ನು ನೋಡುತ್ತದೆ, ಮತ್ತೆ ನಿಲ್ಲುತ್ತದೆ, ಸ್ಕ್ರೀನ್ ತುಂಬ ಒಂದೇ ಸಾಲು ಹರಿಯತೊಡಗುತ್ತದೆ, ಕಂಟ್ರೋಲ್ ಸಿ ಒತ್ತುವ ತನಕ ನಿಲ್ಲುವುದಿಲ್ಲ. ಸಾಲನ್ನು ಮೊದಲೇ ಓದಿಕೊಂಡಿದ್ದರೆ ಈ ಕಾಟ ಇಲ್ಲ. ಎಸ್‌ಸ್ಕ್ಯಾನ್‌ಎಫ್ 1 ಕೊಟ್ಟಿತಾ ಅಂತ ನೋಡಿ, ಇಲ್ಲದಿದ್ದರೆ ಮತ್ತೆ ಕೇಳಿ. ಸ್ಕ್ಯಾನ್‌ಎಫ್ ಆಗಲಿ ಎಸ್‌ಸ್ಕ್ಯಾನ್‌ಎಫ್ ಆಗಲಿ, ರಿಟರ್ನ್ ವ್ಯಾಲ್ಯೂ ನೋಡದೆ ಮುಂದೆ ಹೋಗಬೇಡಿ. ಲ್ಯಾಬ್ ರೆಕಾರ್ಡ್‌ನಲ್ಲಿ ಸಾಮಾನ್ಯವಾಗಿ ಬರೆಸುವುದಿಲ್ಲ, ಆದರೂ ನೀವು ಬರೆಯಿರಿ.

ಎಫ್‌ಗೆಟ್ಸ್ ಬದಲು ಗೆಟ್ಸ್ ಹಾಕಿ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಲೇಬೇಡಿ. ನಿಮ್ಮ ಅರೇ ಎಷ್ಟು ದೊಡ್ಡದು ಅನ್ನುವುದು ಗೆಟ್ಸ್‌ಗೆ ಗೊತ್ತಿಲ್ಲ, ಸಾಲು ಉದ್ದವಿದ್ದರೆ ಅರೇ ದಾಟಿ ಬರೆದುಕೊಂಡು ಹೋಗುತ್ತದೆ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಬಿಟ್ಟ ಮೋರಿಸ್ ವರ್ಮ್ (ನೆಟ್‌ವರ್ಕ್‌ನಲ್ಲಿ ತಾನಾಗಿಯೇ ಹರಡುವ ಪ್ರೋಗ್ರಾಂ) ಕಂಪ್ಯೂಟರ್‌ಗಳ ಒಳಗೆ ನುಗ್ಗಿದ ದಾರಿಗಳಲ್ಲಿ ಇದೂ ಒಂದು. ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಸರ್ವರ್‌ನಲ್ಲಿ 512 ಬೈಟ್‌ನ ಬಫರ್‌ಗೆ ಗೆಟ್ಸ್ ಬಳಸಿದ್ದರು, ವರ್ಮ್ ಅದಕ್ಕಿಂತ ಉದ್ದದ ಸಾಲು ಕಳಿಸಿತು. 2011ರ ಸಿ ಸ್ಟ್ಯಾಂಡರ್ಡ್‌ನಿಂದ ಗೆಟ್ಸನ್ನು ತೆಗೆದೇ ಹಾಕಿದ್ದಾರೆ. ಅಳತೆ ಹೇಳದ ಪರ್ಸೆಂಟ್ ಎಸ್‌ನಲ್ಲೂ ಇದೇ ಅಪಾಯ ಇದೆ.

ಎಫ್‌ಗೆಟ್ಸ್ ಹೆಸರಿನ ಕೊನೆಯಲ್ಲಿ ನ್ಯೂಲೈನನ್ನು ಉಳಿಸುತ್ತದೆ ಅಂದೆನಲ್ಲ. ಅದನ್ನು ತೆಗೆಯಲು ಸ್ಟರ್‌ಸಿಸ್ಪ್ಯಾನ್‌ನಿಂದ ಅದು ಎಲ್ಲಿದೆ ಅಂತ ಹುಡುಕಿ, ಆ ಜಾಗಕ್ಕೆ ಸೊನ್ನೆ ಹಾಕಿ. ಆದರೆ ತೆಗೆಯುವ ಮೊದಲು ಅದು ಇದೆಯಾ ಅಂತ ಒಮ್ಮೆ ನೋಡಿ. ನಾವು ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇದು ಜಾಸ್ತಿ ಮುಖ್ಯ. ಪುಟ್ಟಸ್ವಾಮಿ ಅನ್ನುವ ಹೆಸರು ಇಂಗ್ಲಿಷ್‌ನಲ್ಲಿ 10 ಅಕ್ಷರ, 20ರ ಅರೇ ಧಾರಾಳ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಕೊಂಬು, ದೀರ್ಘ, ವಿರಾಮ (ಒತ್ತಕ್ಷರ ಮಾಡಲು ಬೇಕಾದ ಚಿಹ್ನೆ) ಎಲ್ಲವೂ ಬೇರೆ ಬೇರೆ ಲೆಕ್ಕ. ಹಾಗೆ ಎಣಿಸಿದರೆ ಇದರಲ್ಲಿ 11 ಚಿಹ್ನೆ, 33 ಬೈಟ್. 20ರ ಅರೇ ಕೊಟ್ಟ ಎಫ್‌ಗೆಟ್ಸ್ 19 ಬೈಟ್ ಓದಿ ನಿಲ್ಲುತ್ತದೆ. ಹೆಸರು ಪ್ರಿಂಟ್ ಮಾಡಿದರೆ "ಪುಟ್ಟಸ" ಅಂತ ಬಂದು ಪಕ್ಕದಲ್ಲಿ ಒಂದು ಒಡೆದ ಗುರುತು. ಉಳಿದ ಬೈಟ್‌ಗಳು, ಜೊತೆಗೆ ಎಂಟರ್, ಕ್ಯೂವಿನಲ್ಲೇ ಇರುತ್ತವೆ. ನಿಮ್ಮ ಪ್ರೋಗ್ರಾಂ ಮುಂದೆ ಊರು ಕೇಳಿದರೆ ಟೈಪ್ ಮಾಡಲು ಬಿಡದೆ "ವಾಮಿ" ಅಂತ ಊರನ್ನು ತುಂಬಿಕೊಂಡು ಹೋಗುತ್ತದೆ. ಓದಿದ ಸಾಲಿನಲ್ಲಿ ನ್ಯೂಲೈನ್ ಕಾಣದಿದ್ದರೆ ಸಾಲು ಪೂರ್ತಿ ಬಂದಿಲ್ಲ ಅಂತ ಅರ್ಥ. ಆಗ ಆ ಗೆಟ್‌ಚಾರ್ ಲೂಪ್ ಓಡಿಸಿ ಉಳಿದದ್ದನ್ನು ಎಸೆದು, ಹೆಸರನ್ನು ಮತ್ತೊಮ್ಮೆ ಕೇಳಿ. ಇನ್ನೂ ಒಳ್ಳೆಯದು, ಹೆಸರಿಗೆ ಮೊದಲೇ 256 ಬೈಟ್ ಕೊಟ್ಟುಬಿಡಿ.