ಪದಸಂಪತ್ತಿಗಾಗಿ ಯಾರನ್ನು ಓದಬೇಕು, ಹೇಗೆ ಓದಬೇಕು

ಭಾಷೆಗೆ ಬಣ್ಣ ಬರುವುದು ಕಠಿಣ ಪದಗಳಿಂದಲ್ಲ. ‘ಮಳೆ ಬಂತು’ ಎನ್ನುವ ಕಡೆ ‘ವೃಷ್ಟಿಯಾಯಿತು’ ಎಂದು ಬರೆದರೆ ಮಳೆಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ‘ಸೋನೆ ಹಿಡಿದಿದೆ’ ಎಂದು ನೋಡಿ: ಸಣ್ಣಗೆ, ಬಿಡದೆ ಹನಿಯುವ ಮಳೆ ಕಣ್ಣಿಗೆ ಕಟ್ಟುತ್ತದೆ. ‘ರಪರಪ ಹೊಡೆಯಿತು’ ಎಂದರೆ ಅದು ಬೇರೆಯದೇ ಮಳೆ. ಈ ವ್ಯತ್ಯಾಸ ಬಲ್ಲ ಲೇಖಕರೇ ನಮಗೆ ಬೇಕು.

ಒಂದು ಸೀಮೆಯನ್ನೋ ಕಸುಬನ್ನೋ ಒಳಗಿನಿಂದ ಬಲ್ಲವರ ಬಳಿ ಅಂಥ ಪದಗಳು ಹೆಚ್ಚು. ಹಾಗಾಗಿ ಲೇಖಕರನ್ನು ಹೆಸರು ನೋಡಿ ಆರಿಸುವ ಬದಲು ಅವರ ಲೋಕ ನೋಡಿ ಆರಿಸಿ. ಕಡಲು, ಹೊಳೆ, ಗದ್ದೆಗಳ ನಡುವಿನ ಬದುಕಿನ ಮಾತು ಬೇಕೆ? ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಹಿಡಿಯಿರಿ. ಮೂರು ತಲೆಮಾರಿನ ಕಥೆಯಾದ್ದರಿಂದ ಮನೆಗೆಲಸ, ಬೇಸಾಯ, ಬಡತನ ಎಲ್ಲಕ್ಕೂ ಅಲ್ಲಿ ಮಾತಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮಲೆನಾಡಿನ ಕಾಡು, ಬೇಟೆ, ಜೀತದ ಲೋಕ. ದೊಡ್ಡ ಪುಸ್ತಕವೆಂದು ಹೆದರಬೇಡಿ. ಪದ ಕಲಿಯಲು ಬಂದವರು ದಿನಕ್ಕೆ ನಾಲ್ಕು ಪುಟ ಓದಿದರೂ ಸಾಕು. ಧಾರವಾಡದ ಆಡುಮಾತು ಹೇಗೆ ಹಾಡಾಗುತ್ತದೆಂದು ತಿಳಿಯಲು ಬೇಂದ್ರೆ, ಕಲಬುರಗಿ ಕಡೆಯ ಮಾತಿಗೆ ಗೀತಾ ನಾಗಭೂಷಣ. ದೇವನೂರ ಮಹಾದೇವರ ‘ಕುಸುಮಬಾಲೆ’ ಗಾತ್ರದಲ್ಲಿ ಚಿಕ್ಕದು, ಆದರೆ ಅದರ ನಂಜನಗೂಡು ಸೀಮೆಯ ನುಡಿ ಮೊದಲ ಪುಟದಲ್ಲೇ ತಡೆಯುತ್ತದೆ. ಬಾಯಿಬಿಟ್ಟು ಓದಿ. ಕಣ್ಣಿಗೆ ತೊಡಕೆನಿಸಿದ ವಾಕ್ಯ ಕಿವಿಗೆ ಬಿದ್ದಾಗ ಸಡಿಲವಾಗುತ್ತದೆ.

ನಿಮ್ಮದಲ್ಲದ ಸೀಮೆಯ ಒಬ್ಬರನ್ನಾದರೂ ಓದಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮನೆಯಲ್ಲಿ ಕೇಳಿದ ಮಾತಷ್ಟೇ ಪುಸ್ತಕದಲ್ಲೂ ಸಿಕ್ಕರೆ ಪದಗಳ ಗಂಟು ಬೆಳೆಯುವುದಿಲ್ಲ.

ಪುಸ್ತಕ ಕೈಗೆತ್ತಿಕೊಂಡಾಗ ಹೀಗೆ ಪರೀಕ್ಷಿಸಿ. ನಡುವಿನ ಯಾವುದಾದರೊಂದು ಪುಟ ತೆರೆದು ಕ್ರಿಯಾಪದಗಳನ್ನು ಮಾತ್ರ ನೋಡುತ್ತಾ ಹೋಗಿ. ಪುಟ ತುಂಬ ಮಾಡು, ಆಗು, ಹೋಗು, ಬರು ಇವೇ ಇದ್ದರೆ ಅದು ಒಳ್ಳೆಯ ಕಥೆಯೇ ಇರಬಹುದು, ಪದ ಕಲಿಯುವವರಿಗೆ ಸಿಗುವುದು ಕಡಿಮೆ. ನುಸುಳು, ತಡವರಿಸು, ಹೆಕ್ಕು, ಗೀರು, ಮೊಗೆ, ಕೊಡವು ಇಂಥವು ಕಂಡರೆ ಪುಸ್ತಕ ಮನೆಗೆ ತನ್ನಿ.

ಈಗ ಟಿಪ್ಪಣಿಯ ವಿಷಯ. ಹೊಸ ಪದವನ್ನು ಒಂಟಿಯಾಗಿ ಬರೆದಿಟ್ಟರೆ ಅದು ಪುಸ್ತಕದಲ್ಲೇ ಉಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ಬಿಸಿ, ಕಾವು, ಶಾಖ, ಝಳ ಇವನ್ನು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳುವವರು ಬಹಳ. ಬಳಕೆಯಲ್ಲಿ ಒಂದೊಂದಕ್ಕೂ ಅದರದೇ ಜೊತೆಗಾರರಿದ್ದಾರೆ: ನೀರು ಬಿಸಿಯಾಗುತ್ತದೆ, ಕೋಳಿ ಕಾವಿಗೆ ಕೂರುತ್ತದೆ, ಚರ್ಚೆ ಕಾವೇರುತ್ತದೆ, ಉಳುಕಿದ ಕಾಲಿಗೆ ಶಾಖ ಕೊಡುತ್ತೇವೆ, ಬಿಸಿಲಿನ ಝಳ ಮುಖಕ್ಕೆ ಬಡಿಯುತ್ತದೆ. ಚರ್ಚೆ ‘ಶಾಖವೇರಿತು’ ಎಂದು ಯಾರೂ ಹೇಳರು. ಆದ್ದರಿಂದ ಪದ ಸಿಕ್ಕ ವಾಕ್ಯವನ್ನು ಇಡಿಯಾಗಿ ನಕಲು ಮಾಡಿ, ಕೆಳಗೆ ಅದೇ ಪದದ ನಿಮ್ಮದೊಂದು ವಾಕ್ಯ ಬರೆಯಿರಿ. ನೆರೆಹೊರೆ, ದನಕರು, ಸಂದುಗೊಂದು ಮುಂತಾದ ಜೋಡುನುಡಿಗಳಿಗೆ ಬೇರೆ ಪುಟ ಇಡುವುದು ಒಳ್ಳೆಯದು. ಗದ್ಯಕ್ಕೆ ಲಯ ಕೊಡುವುದರಲ್ಲಿ ಅವುಗಳ ಪಾಲು ದೊಡ್ಡದು.

ನಿಘಂಟನ್ನು ಅಧ್ಯಾಯ ಮುಗಿದ ಮೇಲೆ ತೆರೆಯಿರಿ. ಪದೇಪದೇ ನಿಂತರೆ ಓದು ಕೆಡುತ್ತದೆ, ಅರ್ಧದಷ್ಟು ಪದಗಳು ಸಂದರ್ಭದಿಂದಲೇ ಬಿಡಿಸಿಕೊಳ್ಳುತ್ತವೆ. ಕಿಟ್ಟೆಲ್ ನಿಘಂಟು (1894) ಇಂದಿಗೂ ಉಪಯುಕ್ತ, ಅದರಲ್ಲಿ ಗಾದೆಗಳೂ ಸಿಗುತ್ತವೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಪದವನ್ನು ಹಿಂದಿನವರು ಬಳಸಿದ ಸಾಲುಗಳನ್ನೇ ಕೊಡುತ್ತದೆ, ಗ್ರಂಥಾಲಯದಲ್ಲಿ ಕೂತು ನೋಡಬೇಕಾದದ್ದು.

ಕೊನೆಯದಾಗಿ, ಒಬ್ಬ ಲೇಖಕರ ಎರಡು ಮೂರು ಪುಸ್ತಕಗಳನ್ನು ಒಟ್ಟಿಗೆ ಓದಿ ಮುಗಿಸಿಯೇ ಮುಂದಿನವರ ಬಳಿ ಹೋಗಿ. ಒಬ್ಬರ ಬರವಣಿಗೆಯಲ್ಲಿ ಅದೇ ಪದ ಬೇರೆ ಬೇರೆ ಸನ್ನಿವೇಶದಲ್ಲಿ ಮರಳಿ ಬರುತ್ತದೆ. ಮೂರನೆಯ ಸಲ ಎದುರಾಗುವಾಗ ಟಿಪ್ಪಣಿ ನೋಡದೆಯೇ ಅರ್ಥ ಹೊಳೆದಿರುತ್ತದೆ.