ಮೂರು ಈಡು ಒಂದೇ ತೂತಿಗೆ ಹೋದರೆ ಆ ತೋಟಾ ಒಳ್ಳೇದಾ?

ಕಾಫಿ ಕೊಯ್ಲು ಮುಗಿಯುತ್ತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತದೆ. ಮೂಡಿಗೆರೆಯಿಂದ ಒಬ್ಬರು, ಆಲ್ದೂರಿನಿಂದ ಇನ್ನೊಬ್ಬರು, ಸಕಲೇಶಪುರದಿಂದ ಮತ್ತೊಬ್ಬರು. "ಸರ್, ಅಮೆರಿಕದವರು ಮನೆಯಲ್ಲೇ ತೋಟಾ ತುಂಬುತ್ತಾರೆ. ಮದ್ದನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡ್ತಾ ಮೂರು ಮೂರು ಈಡು ಹೊಡೀತಾರೆ. ಯಾವುದು ಒಂದೇ ತೂತಿಗೆ ಹೋಯ್ತೋ ಅದೇ ಒಳ್ಳೇ ಅಳತೆ. ನಾವೂ ಹಾಗೇ ಮಾಡಬಹುದಾ?"

ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಸಲು ಅದಕ್ಕೇ ಅಂತ ಲೈಸೆನ್ಸ್ ಬೇಕು. ಬೆಳೆ ಕಾಯಲು ಕೊಟ್ಟ ಕೋವಿ ಲೈಸೆನ್ಸು ಸಾಲದು. ಅಜ್ಜ ಕೇಪಿನ ಕೋವಿಗೆ ಮಸಿ ಜಡಿಯುತ್ತಿದ್ದರು ಅನ್ನುವ ಕತೆ ಠಾಣೆಯಲ್ಲಿ ನಡೆಯುವುದಿಲ್ಲ.

ಅಮೆರಿಕದವರು ಯಾಕೆ ಅಷ್ಟು ಒದ್ದಾಡುತ್ತಾರೆ ಅಂದರೆ, ದೂರದ ಗುರಿಯಲ್ಲಿ ವೇಗದ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. .308 ರೈಫಲ್ಲಿನ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ಹೊರಡುತ್ತದೆ ಅನ್ನಿ. ಅದರಲ್ಲಿ ಬರೀ 3 ಮೀಟರ್ ಕಡಿಮೆಯಾದರೂ ಸಾವಿರ ಗಜದ ಹೊತ್ತಿಗೆ ಗುಂಡು ಮೂರು ನಾಲ್ಕು ಇಂಚು ಕೆಳಗೆ ಬೀಳುತ್ತದೆ. ಅದಕ್ಕೇ ಮದ್ದನ್ನು ಗುಲಗಂಜಿಗಿಂತ ಸೂಕ್ಷ್ಮವಾಗಿ ತೂಗುತ್ತಾರೆ, ಗುಂಡು ಎಷ್ಟು ಒಳಗೆ ಕೂರಬೇಕು ಅಂತ ಅಳೆಯುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಆ "ಮೂರು ಈಡು" ಅನ್ನುವ ಮಾತಿನಲ್ಲಿ. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ನೀವು ಕಾಫಿ ಮಾರುವವರು. ಕ್ಯೂರಿಂಗ್‌ನವನು ಬಂದು ಒಂದೇ ಮೂಟೆಗೆ ಕೈ ಹಾಕಿ, ಮೂರು ಬೀಜ ತೆಗೆದು, ಮೂರೂ ತೂತು ಬಿದ್ದಿವೆ, ನಿಮ್ಮ ಇಡೀ ಲಾಟ್ ಹಾಳು ಅಂದರೆ ಸುಮ್ನೆ ಇರುತ್ತೀರಾ? ಜಗಳಕ್ಕೇ ಹೋಗುತ್ತೀರಿ. ಗುರಿಹಲಗೆ ಮುಂದೆ ಮಾತ್ರ ಅದೇ ಮೂರು ಬೀಜದ ಲೆಕ್ಕ ನಂಬುತ್ತೀರಿ.

ಒಮ್ಮೆ ಹುಡುಗರಿಗೆ ಇದನ್ನು ತೋರಿಸಲೇಬೇಕು ಅನ್ನಿಸಿತು. ಒಂದೇ ಡಬ್ಬಿಯ ಏರ್ ರೈಫಲ್ ಪೆಲೆಟ್ಟುಗಳನ್ನು, ಅಂದರೆ ಅದರ ಸಣ್ಣ ಗುಂಡುಗಳನ್ನು, ಹತ್ತು ಮಾತ್ರೆ ಡಬ್ಬಿಗಳಿಗೆ ಹಂಚಿ, 1ರಿಂದ 10ರವರೆಗೆ ನಂಬರ್ ಬರೆದೆ. ಹತ್ತೂ ಬೇರೆ ಬೇರೆ ಕಂಪನಿಯದು ಅಂತ ಸುಳ್ಳು ಹೇಳಿದೆ. ಮರಳುಚೀಲದ ಮೇಲೆ ರೈಫಲ್ ಇಟ್ಟು ಒಂದೊಂದರಿಂದಲೂ ಮೂರು ಈಡು ಹೊಡೆದರು. ಮೂರು ತೂತು ಎಷ್ಟು ಅಗಲಕ್ಕೆ ಹರಡಿವೆ ಅನ್ನುವುದೇ ಗುಂಪಿನ ಅಳತೆ. 4ನೇ ಡಬ್ಬಿಯದು 2 ಮಿ.ಮೀ. ಗುಂಪು, 9ನೆಯದು 7 ಮಿ.ಮೀ. ತಗೊಳ್ಳಿ, ಶುರುವಾಯಿತು ವಾದ. 4ರ ಪೆಲೆಟ್ ಮೆತ್ತಗಿದೆ ಅಂತೆ, 9ರದ್ದು ಸೊಟ್ಟ ಅಂತೆ. ಒಬ್ಬನಂತೂ 9ರದ್ದನ್ನು ಬೆರಳಲ್ಲಿ ಉರುಳಿಸಿ ಸೊಟ್ಟ ಇರುವುದನ್ನು ನನಗೇ ತೋರಿಸಿದ! ಮಾರನೆ ದಿನ ಮತ್ತೆ ಹೊಡೆಸಿದೆ. 4ನೇ ಡಬ್ಬಿ ಎಂಟನೇ ಜಾಗಕ್ಕೆ ಇಳಿದಿತ್ತು. ಆಮೇಲೆ ನಿಜ ಹೇಳಿದೆ. ಇಬ್ಬರು ಇವತ್ತಿಗೂ ನಂಬಿಲ್ಲ.

ಹತ್ತು ಗುಂಪು ಹೊಡೆದರೆ ಯಾವುದಾದರೂ ಒಂದು ಎಲ್ಲಕ್ಕಿಂತ ಚಿಕ್ಕದು ಆಗಲೇಬೇಕು, ಅಲ್ವಾ? ಅದು ಚಿಕ್ಕದಾಯಿತು ಅಂದ ಮಾತ್ರಕ್ಕೆ ಅದರಲ್ಲಿ ಗುಣ ಇದೆ ಅಂತಲ್ಲ. ಒಂದೇ ಬಂದೂಕು, ಒಂದೇ ತೋಟಾ ಇದ್ದರೂ ಮೂರು ಈಡಿನ ಒಂದು ಗುಂಪು ಇನ್ನೊಂದರ ಎರಡರಷ್ಟು ಬರುವುದು ತೀರಾ ಮಾಮೂಲಿ. ಇನ್ನೊಂದು ಲೆಕ್ಕ ನೋಡಿ. ಮೂರು ಈಡಿನ ಗುಂಪು ಸರಾಸರಿ 10 ಮಿ.ಮೀ. ಬರುವ ರೈಫಲ್ಲು, ಐದು ಹೊಡೆದರೆ 13ರ ಹತ್ತಿರ ಬರುತ್ತದೆ, ಹತ್ತು ಹೊಡೆದರೆ 16ರ ಹತ್ತಿರ. ರೈಫಲ್ ಕೆಡಲಿಲ್ಲ, ನಿಮ್ಮ ಕೈಯೂ ಕೆಡಲಿಲ್ಲ. ಮೊದಲಿಂದಲೂ ಅದು ಇದ್ದದ್ದೇ ಅಷ್ಟು. ಮೂರು ಈಡು ಅದನ್ನು ಮುಚ್ಚಿಟ್ಟಿತ್ತು.

ಇದರ ಮೇಲೆ "ಅದೊಂದು ಕೈತಪ್ಪಿದ್ದು ಸರ್, ಬಿಟ್ಟುಬಿಡಿ" ಬೇರೆ. ಹೊಡೆದ ಕೂಡಲೇ, ಹಲಗೆ ನೋಡುವ ಮೊದಲೇ ಹೇಳಿದರೆ ಒಪ್ಪುತ್ತೇನೆ. ತೂತು ನೋಡಿದ ಮೇಲೆ ಹೇಳಿದರೆ ಒಪ್ಪುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಅಂಗಡಿಯ ತೋಟಾದಲ್ಲೇ ಆರಿಸಬೇಕು. .22 ರೈಫಲ್ಲಿನವರು ಒಂದೇ ಬ್ರ್ಯಾಂಡಿನ ಬೇರೆ ಬೇರೆ ಲಾಟ್ ನಂಬರ್‌ಗಳನ್ನು (ಲಾಟ್ ಅಂದರೆ ಒಂದು ಸಲಕ್ಕೆ ತಯಾರಾದ ಕಂತು) ಪರೀಕ್ಷಿಸಿ, ತಮ್ಮ ನಳಿಗೆಗೆ ಹೊಂದುವ ಲಾಟನ್ನೇ ಹೆಚ್ಚು ಕೊಳ್ಳುತ್ತಾರೆ. ಈಲಿ (Eley), ಲಾಪುವಾ ಅನ್ನುವ ತೋಟಾ ಕಂಪನಿಗಳು ಇದಕ್ಕೇ ರೇಂಜ್ ಇಟ್ಟಿವೆ. ಏರ್ ರೈಫಲ್ ಆದರೆ 4.49, 4.50, 4.51 ಮಿ.ಮೀ. ತಲೆಯ ಪೆಲೆಟ್ ತಂದು ನೋಡಿ. ಒಂದೊಂದರಲ್ಲೂ ಹತ್ತು ಈಡಿನ ಎರಡು ಮೂರು ಗುಂಪು ಹೊಡೆಯಿರಿ, ಬೇರೆ ಬೇರೆ ದಿನ. ಕಷ್ಟ ಅನ್ನಿಸಿದರೆ ಕೈಲಿರುವ ಪೆಲೆಟ್‌ನಲ್ಲೇ ಅಭ್ಯಾಸ ಮಾಡಿ. 10 ಮೀಟರ್ ಹಲಗೆಯ ಹತ್ತು ಅಂಕದ ಚುಕ್ಕಿ ಅರ್ಧ ಮಿ.ಮೀ. ಅಷ್ಟೇ. ಹೊಸಬರಿಗೆ ಅದು ತಪ್ಪುವುದು ಉಸಿರಿನಿಂದ, ಬೆರಳಿನಿಂದ. ಪೆಲೆಟ್ ಸರದಿ ಆಮೇಲೆ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಜೂನ್ ಬಂತೆಂದರೆ ನಮ್ಮ ಕಡೆ ಒಂದು ಮಾತು: "ಮಳೆಗಾಲದ ಗಾಳಿ ಭಾರ, ಗುಂಡು ಕೆಳಗೆ ಹೊಡೆಯುತ್ತೆ." ತಿರುಗಾಮುರುಗಾ. ನೀರಾವಿ ಒಣ ಗಾಳಿಗಿಂತ ಹಗುರ. ಹಾಗಾಗಿ ಬಿಸಿ, ಒತ್ತಡ ಒಂದೇ ಇದ್ದರೆ ತೇವದ ಗಾಳಿಯೇ ಒಂಚೂರು ತೆಳು. ಆ ಒಂಚೂರನ್ನು ನಿಮ್ಮ ಗುರಿಹಲಗೆಯಲ್ಲಿ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಗಾಳಿಯಲ್ಲಿ ನಿಜವಾದ ವ್ಯತ್ಯಾಸ ತರುವುದು ಎತ್ತರ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಸಾವಿರ ಗಜದಲ್ಲಿ ಅದು ಅಡಿ ಲೆಕ್ಕದಲ್ಲೇ ಕಾಣುತ್ತದೆ. 10 ಮೀಟರಿನಲ್ಲಿ ಏನೂ ಇಲ್ಲ.

ಮತ್ತೆ ಮಳೆಗಾಲದಲ್ಲಿ ರೈಫಲ್ ಕೆಳಗೆ ಹೊಡೆದದ್ದು ಸುಳ್ಳಾ? ಸುಳ್ಳಲ್ಲ. ಆದರೆ ಗಾಳಿಗಿಂತ ಮೊದಲು ಮದ್ದನ್ನು ಅನುಮಾನಿಸಿ. ಮದ್ದು ತಣ್ಣಗಿದ್ದರೆ ವೇಗ ಕಡಿಮೆ, ಬಿಸಿಯಾದರೆ ಜಾಸ್ತಿ. ಏಪ್ರಿಲ್ ಬಿಸಿಲಲ್ಲಿ ತೋಟಾ ಡಬ್ಬಿಯನ್ನು ಜೀಪಿನ ಬಾನೆಟ್ ಮೇಲೆ ಇಟ್ಟು ಸೈಟ್ ಹೊಂದಿಸಿಕೊಂಡು, ಜುಲೈಯಲ್ಲಿ ಜಡಿಮಳೆ ನಡುವೆ ಹೊಡೆದರೆ ಗುಂಡು ಎಲ್ಲಿಗೆ ಹೋಗುತ್ತದೆ ಹೇಳಿ?